ಉಗ್ಗುವವರು ಉಗ್ಗಿಗೆ ಚಿಕಿತ್ಸೆ ಕೊಡುವಾಗ

ಕಳೆದ ಜೂನ್ ತಿಂಗಳಲ್ಲಿ, ಶಾಲೆಗಳು ಆರಂಭವಾದ ಬೆನ್ನಿಗೇ, ದಂಪತಿ ತಮ್ಮ ಹತ್ತು ವರ್ಷದ ಮಗನನ್ನು ನನ್ನ ಚಿಕಿತ್ಸಾ ಕೊಠಡಿಗೆ ಕರೆತಂದರು. ನಾನು ಎದ್ದು ನಿಂತು ಹೆಸರು ಹೇಳಿಕೊಳ್ಳಲು ಹೋದೆ. ನನ್ನ ಹೆಸರು ‘ಮ’ಕಾರದಿಂದ ಆರಂಭವಾಗುತ್ತದೆ. ತುಟಿಗಳು ಒಂದನ್ನೊಂದು ಕಚ್ಚಿ ಹಿಡಿದವು. ಮೂರ್ನಾಲ್ಕು ಸೆಕೆಂಡುಗಳ ಮೌನದ ಬಳಿಕ ಹೆಸರು ಹೊರಬಂದಿತು. ತಾಯಿ ಗೋಡೆಯ ಮೇಲಿದ್ದ ಪ್ರಮಾಣಪತ್ರಗಳತ್ತ ಕಣ್ಣು ಹಾಯಿಸಿದರು. ಅಲ್ಲಿಯವರೆಗೆ ನೆಲ ನೋಡುತ್ತಿದ್ದ ಹುಡುಗ ತಲೆಯೆತ್ತಿ ನನ್ನ ಬಾಯಿಯನ್ನೇ ದಿಟ್ಟಿಸತೊಡಗಿದ. ತಂದೆ ಮಾತ್ರ ನೇರವಾಗಿ ಕೇಳಿದರು: ‘ಸಾರ್, ತಪ್ಪು ತಿಳ್ಕೋಬೇಡಿ. ನಿಮಗೇ ವಾಸಿಯಾಗಿಲ್ಲ. ಇನ್ನು ನನ್ನ ಮಗನಿಗೆ ಹೇಗೆ ವಾಸಿ ಮಾಡ್ತೀರಿ?’

ತಪ್ಪು ತಿಳಿದುಕೊಳ್ಳಲು ಕಾರಣವಿರಲಿಲ್ಲ. ವಾಕ್ ಚಿಕಿತ್ಸಕನಾಗಿ ನಾನು ಕಳೆದ ಇಪ್ಪತ್ತೆರಡು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಹಲವು ಮುಖಗಳಲ್ಲಿ ಓದಿದ್ದೇನೆ. ಬಾಯಿ ಬಿಟ್ಟು ಕೇಳಿದವರು ಕಡಿಮೆ. ಕೇಳದೆ ಎರಡನೆಯ ಬಾರಿ ಬರದೇ ಹೋದವರು ಹೆಚ್ಚು. ಮೊದಮೊದಲು ನಾನು ಕೊಡುತ್ತಿದ್ದ ಉತ್ತರದಲ್ಲಿ ಹೆಮ್ಮೆಯಿತ್ತು: ನೋವುಂಡವನಿಗಷ್ಟೇ ನೋವು ತಿಳಿಯುತ್ತದೆ, ಆದುದರಿಂದ ನಾನೇ ಹೆಚ್ಚು ಯೋಗ್ಯ, ಎಂಬ ಧಾಟಿಯದು. ಈಗ ಅಷ್ಟು ಸಲೀಸಾಗಿ ಹಾಗೆ ಹೇಳಲಾರೆ. ಉಗ್ಗುವ ಚಿಕಿತ್ಸಕರು ಉಗ್ಗನ್ನು ಬೇರೆ ರೀತಿಯಲ್ಲಿ ನೋಡುತ್ತಾರೆಯೇ? ನೋಡುತ್ತಾರೆ ಎಂದೇ ನನ್ನ ಅನಿಸಿಕೆ. ಆದರೆ ಬೇರೆಯಾಗಿ ನೋಡುವುದೆಲ್ಲವೂ ಸರಿಯಾಗಿ ನೋಡುವುದಲ್ಲ ಎಂಬುದನ್ನು ಈ ವೃತ್ತಿಯ ಚರಿತ್ರೆಯೂ ನನ್ನ ಸ್ವಂತ ಅನುಭವವೂ ಕಲಿಸಿವೆ.

ಮೊದಲು ಉಗ್ಗಿನ ಬಗ್ಗೆ ಎರಡು ಮಾತು. ಸಾಮಾನ್ಯವಾಗಿ ಎರಡರಿಂದ ನಾಲ್ಕು ವರ್ಷ ವಯಸ್ಸಿನಲ್ಲಿ, ಮಗು ಪದಕ್ಕೆ ಪದ ಜೋಡಿಸುವ ಹೊತ್ತಿನಲ್ಲಿ, ಅದು ತಲೆದೋರುತ್ತದೆ. ನೂರಕ್ಕೆ ಸುಮಾರು ಐದು ಮಕ್ಕಳು ಬಾಲ್ಯದಲ್ಲಿ ಒಂದಷ್ಟು ಕಾಲ ಉಗ್ಗುತ್ತಾರೆ. ಅವರಲ್ಲಿ ಬಹುಪಾಲು ಮಕ್ಕಳು ತಾವಾಗಿಯೇ ಸರಿಹೋಗುತ್ತಾರೆ. ವಯಸ್ಕರಲ್ಲಿ ಉಳಿಯುವುದು ನೂರಕ್ಕೆ ಒಬ್ಬರ ಆಸುಪಾಸು. ಅವರಲ್ಲಿ ಹೆಂಗಸರಿಗಿಂತ ಗಂಡಸರೇ ಮೂರು ನಾಲ್ಕು ಪಟ್ಟು ಹೆಚ್ಚು. ವಂಶವಾಹಿಗಳ ಪಾತ್ರವಿದೆ ಎಂಬುದು ಹಳೆಯ ಅನುಮಾನ. ಅಮೆರಿಕದ ಡೆನಿಸ್ ಡ್ರೇನಾ ಮತ್ತು ಸಂಗಡಿಗರು 2010ರಲ್ಲಿ, ಪಾಕಿಸ್ತಾನದ ಕುಟುಂಬಗಳ ಅಧ್ಯಯನದಿಂದ ಹೊರಟು, ಉಗ್ಗಿನೊಂದಿಗೆ ನಂಟುಳ್ಳ ಮೂರು ವಂಶವಾಹಿಗಳನ್ನು ಗುರುತಿಸಿದರು. ಬುದ್ಧಿಮತ್ತೆಗೂ ಉಗ್ಗಿಗೂ ಸಂಬಂಧವಿಲ್ಲ. ಹೆದರಿಕೆಯಿಂದ ಉಗ್ಗು ಹುಟ್ಟುವುದಿಲ್ಲ. ಹುಟ್ಟಿದ ಉಗ್ಗನ್ನು ಹೆದರಿಕೆ ಬೆಳೆಸುತ್ತದೆ.

ನಮ್ಮ ಭಾಷೆಯಲ್ಲಿ ‘ತೊದಲು’ ಎಂಬ ಪದಕ್ಕೆ ಮುದ್ದು ಅಂಟಿಕೊಂಡಿದೆ. ‘ಉಗ್ಗು’ ಎಂಬುದಕ್ಕೆ ಗೇಲಿ. ಮಗುವಿನ ತೊದಲು ನುಡಿಗೆ ನಗುವ ಮನೆಯೇ ಅದೇ ಮಗು ಏಳು ದಾಟಿದ ಮೇಲೆ ಅದನ್ನು ಉಗ್ಗ ಎನ್ನುತ್ತದೆ. ಇನ್ನೊಂದು ಪದ ‘ನಿರರ್ಗಳ’. ಅರ್ಗಳವೆಂದರೆ ಬಾಗಿಲಿನ ಅಗುಳಿ. ಅಗುಳಿ ಇಲ್ಲದ ಮಾತು ನಿರರ್ಗಳ. ಈ ಪದವನ್ನು ಟಂಕಿಸಿದವರಿಗೆ ಉಗ್ಗಿನ ಪರಿಚಯ ಇದ್ದಿರಲೇಬೇಕು ಎಂದು ನನಗೆ ಎಷ್ಟೋ ಬಾರಿ ಅನ್ನಿಸಿದೆ. ಏಕೆಂದರೆ ಉಗ್ಗುವವನ ಒಳಗೆ ಆಗುವುದು ಅದೇ. ಹೇಳಬೇಕಾದ ಮಾತು ಗೊತ್ತಿದೆ, ಬಾಗಿಲ ಬಳಿ ಬಂದು ನಿಂತಿದೆ, ಹೊರಗಿನಿಂದ ಯಾರೋ ಅಗುಳಿ ಹಾಕಿದ್ದಾರೆ.

ನನ್ನ ಬಾಲ್ಯದ ಕಥೆ ಉಗ್ಗುವ ಯಾವ ಕನ್ನಡಿಗನ ಕಥೆಗಿಂತಲೂ ಭಿನ್ನವಲ್ಲ. ಅಜ್ಜಿ ಬಜೆ ಬೇರನ್ನು ತೇಯ್ದು ನಾಲಿಗೆಗೆ ಹಚ್ಚುತ್ತಿದ್ದರು. ಬಾಯಲ್ಲಿ ಬೆಣಚುಕಲ್ಲು ಇಟ್ಟುಕೊಂಡು ಓದೆಂದು ಸೋದರಮಾವ ಹೇಳಿದರು. ಗ್ರೀಕ್ ವಾಗ್ಮಿ ಡೆಮಾಸ್ತನೀಸನ ಕಥೆಯನ್ನು ಅವರು ಎಲ್ಲಿಯೋ ಓದಿದ್ದರು. ಶಾಲೆಯಲ್ಲಿ ಹಾಜರಿ ಕೂಗುವಾಗ ‘ಪ್ರೆಸೆಂಟ್ ಸಾರ್’ ಎನ್ನಲು ‘ಪ’ಕಾರ ಬಿಡುತ್ತಿರಲಿಲ್ಲ. ಎದ್ದು ನಿಂತು ಕೈಯೆತ್ತುತ್ತಿದ್ದೆ, ಮೇಷ್ಟ್ರು ತಲೆಯೆತ್ತದಿದ್ದರೆ ಗೈರುಹಾಜರಿ. ಆದರೆ ಪ್ರಾರ್ಥನೆಯಲ್ಲಿ ಎಲ್ಲರೊಡನೆ ಹಾಡುವಾಗ ಒಮ್ಮೆಯೂ ತಡೆದದ್ದಿಲ್ಲ. ಹಾಡಿನಲ್ಲಿ, ಸಾಮೂಹಿಕ ಪಠಣದಲ್ಲಿ ಉಗ್ಗು ಮಾಯವಾಗುವುದು ಈ ತೊಂದರೆಯ ಪ್ರಸಿದ್ಧ ವಿಚಿತ್ರ. ‘ಹಾಡುವಾಗ ಬರುತ್ತದೆ, ಮಾತಾಡುವಾಗ ಮಾತ್ರ ನಾಟಕವೇ?’ ಎಂದು ಮನೆಯಲ್ಲಿ ಬೈಸಿಕೊಂಡದ್ದಕ್ಕೂ ಅದೇ ಕಾರಣ. ಕಾಲೇಜಿನ ದಿನಗಳಲ್ಲಿ ನಾನು ಇಳಿಯಬೇಕಾಗಿದ್ದದ್ದು ಮಲ್ಲೇಶ್ವರದಲ್ಲಿ. ಕಂಡಕ್ಟರ್ ಎದುರು ನಿಂತರೆ ಬಾಯಿಗೆ ಬರುತ್ತಿದ್ದದ್ದು ಯಶವಂತಪುರ. ಹೆಚ್ಚಿನ ಹಣ ಕೊಟ್ಟು ಯಶವಂತಪುರಕ್ಕೆ ಟಿಕೆಟ್ ಪಡೆದು ಮಲ್ಲೇಶ್ವರದಲ್ಲಿ ಇಳಿಯುತ್ತಿದ್ದೆ. ಮೂರು ವರ್ಷ ಹೀಗೆಯೇ ನಡೆಯಿತು. ಈ ಬಗೆಯ ಲೆಕ್ಕಾಚಾರ ಉಗ್ಗುವವನ ತಲೆಯಲ್ಲಿ ದಿನವಿಡೀ ನಡೆಯುತ್ತಿರುತ್ತದೆ. ಕೇಳುವವರಿಗೆ ಅದರ ಸುಳಿವೂ ಸಿಗುವುದಿಲ್ಲ.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ನಾನು ಮೊದಲ ಬಾರಿಗೆ ಕಂಡ ವಾಕ್ ಚಿಕಿತ್ಸಕರು ನಿರರ್ಗಳವಾಗಿ ಮಾತನಾಡುವವರು, ಸಜ್ಜನರು. ಸ್ವರಗಳನ್ನು ಎಳೆದು, ತುಟಿ ನಾಲಿಗೆಗಳನ್ನು ಮೃದುವಾಗಿ ತಾಗಿಸಿ, ನಿಧಾನವಾಗಿ ಮಾತನಾಡುವುದನ್ನು ಕಲಿಸಿದರು. ಎರಡು ತಿಂಗಳಲ್ಲಿ ಅವರ ಕೊಠಡಿಯಲ್ಲಿ ನಾನು ಒಮ್ಮೆಯೂ ಉಗ್ಗದೆ ಅರ್ಧ ಗಂಟೆ ಮಾತನಾಡಬಲ್ಲವನಾದೆ. ಅವರು ಕಡತದಲ್ಲಿ ಗುಣವಾಗಿದೆ ಎಂದು ಬರೆದರು. ಅದು ಸುಳ್ಳಲ್ಲ. ಅಲ್ಲಿಂದ ಹೊರಬಂದು ಬಸ್ಸು ಹತ್ತಿ ಯಶವಂತಪುರಕ್ಕೆ ಟಿಕೆಟ್ ಕೇಳಿದೆ. ಅದೂ ಸುಳ್ಳಲ್ಲ. ಈ ಎರಡು ಸತ್ಯಗಳ ನಡುವಿನ ಅಂತರವೇ ನನ್ನನ್ನು ಈ ವೃತ್ತಿಗೆ ತಂದಿತು.

ಕುತೂಹಲದ ಸಂಗತಿಯೆಂದರೆ, ಈ ಶಾಸ್ತ್ರದ ಅಡಿಪಾಯ ಹಾಕಿದವರಲ್ಲಿ ಹಲವರು ಸ್ವತಃ ಉಗ್ಗುತ್ತಿದ್ದರು. 1920ರ ದಶಕದಲ್ಲಿ ಅಮೆರಿಕದ ಐಯೋವಾ ವಿಶ್ವವಿದ್ಯಾಲಯದಲ್ಲಿ ಲೀ ಎಡ್ವರ್ಡ್ ಟ್ರಾವಿಸ್ ಎಂಬ ವಿದ್ವಾಂಸರು ಉಗ್ಗಿನ ಮೂಲವನ್ನು ಮೆದುಳಿನ ಎಡ-ಬಲ ಭಾಗಗಳ ಪೈಪೋಟಿಯಲ್ಲಿ ಹುಡುಕುತ್ತಿದ್ದರು. ಉಗ್ಗುವವರ ಬಲಗೈ ಕಟ್ಟಿ ಎಡಗೈಯಿಂದ ಬರೆಸುವುದು ಅಂದಿನ ಚಿಕಿತ್ಸೆ. ಅವರ ಬಳಿ ಬಂದ ತರುಣರಲ್ಲಿ ಕ್ಯಾನ್ಸಸ್‌ನ ರೈತ ಕುಟುಂಬದ ವೆಂಡೆಲ್ ಜಾನ್ಸನ್ ಒಬ್ಬರು, ಮಿಷಿಗನ್‌ನ ಚಾರ್ಲ್ಸ್ ವ್ಯಾನ್ ರೈಪರ್ ಇನ್ನೊಬ್ಬರು. ಇಬ್ಬರೂ ತೀವ್ರವಾಗಿ ಉಗ್ಗುತ್ತಿದ್ದರು. ಇಬ್ಬರೂ ತಮ್ಮ ಮೇಲೆಯೇ ಪ್ರಯೋಗ ನಡೆಸಿಕೊಂಡರು, ಇಬ್ಬರೂ ಮುಂದೆ ಈ ಕ್ಷೇತ್ರದ ದೊಡ್ಡ ಹೆಸರುಗಳಾದರು. ಆದರೆ ಅವರು ತಲುಪಿದ ತೀರ್ಮಾನಗಳು ಮಾತ್ರ ಬೇರೆ ಬೇರೆ.

ವ್ಯಾನ್ ರೈಪರ್ ಹುಟ್ಟಿದ್ದು 1905ರಲ್ಲಿ. ಯೌವನದಲ್ಲಿ ಮಾತಿನ ಸಂಕಟ ತಾಳಲಾರದೆ ಒಂದು ಹೊಲಮನೆಯಲ್ಲಿ ಕಿವುಡ-ಮೂಕನೆಂದು ನಟಿಸಿ ಕೂಲಿ ಮಾಡಿದ್ದನ್ನು ಅವರೇ ಬರೆದುಕೊಂಡಿದ್ದಾರೆ. ಅಲ್ಲಿಂದ ಹೊರಟು ದಾರಿಯಲ್ಲಿ ಹೋಗುವ ವಾಹನ ಹತ್ತಿ ಊರಿಗೆ ಮರಳುವಾಗ ಒಬ್ಬ ಮುದುಕ ಜೊತೆಯಾದ. ಇವರ ಒದ್ದಾಟ ಕಂಡು ಮುದುಕ ನಕ್ಕ. ಇವರಿಗೆ ರೇಗಿತು. ಆಮೇಲೆ ತಿಳಿಯಿತು, ಆತನೂ ಉಗ್ಗುವವನೇ. ಹೋರಾಡುವ ವಯಸ್ಸು ಮುಗಿಯಿತು, ಈಗ ಮಾತನ್ನು ಸುಮ್ಮನೆ ಸೋರಲು ಬಿಡುತ್ತೇನೆ ಎಂಬ ಅರ್ಥದ ಮಾತು ಆತ ಆಡಿದ. ಉಗ್ಗುತ್ತಲೇ, ಆದರೆ ಒದ್ದಾಡದೆ. ವ್ಯಾನ್ ರೈಪರ್ ಅವರಿಗೆ ಅಲ್ಲಿ ಬೆಳಕು ಕಂಡಿತು. 1936ರಲ್ಲಿ ಅವರು ಮಿಷಿಗನ್‌ನ ಕಲಮಜೂ ಎಂಬಲ್ಲಿ ಸ್ಥಾಪಿಸಿದ ವಾಕ್ ಚಿಕಿತ್ಸಾಲಯದ ಗುರಿ ಉಗ್ಗನ್ನು ಇಲ್ಲವಾಗಿಸುವುದಾಗಿರಲಿಲ್ಲ, ಸಲೀಸಾಗಿ ಉಗ್ಗುವುದನ್ನು ಕಲಿಸುವುದಾಗಿತ್ತು. ಮೊದಲು ತನ್ನ ಉಗ್ಗನ್ನು ಕನ್ನಡಿಯಲ್ಲಿ ನೋಡಿ ಗುರುತಿಸಬೇಕು; ಬಳಿಕ ಬೇಕೆಂದೇ ಜನರೆದುರು ಉಗ್ಗಿ ಭಯವನ್ನು ಸವೆಸಬೇಕು. ಆಮೇಲೆ ಉಗ್ಗಿದ ಪದದ ಬಳಿಕ ನಿಂತು, ಅದನ್ನೇ ಮೃದುವಾಗಿ ಮತ್ತೆ ಹೇಳುವುದು. ಅಭ್ಯಾಸವಾದಂತೆ ಉಗ್ಗಿನ ನಡುವೆಯೇ ಅದನ್ನು ಸಡಿಲಿಸಿ ಹೊರಬರುವುದು, ಕೊನೆಗೆ ಅಂಥ ಪದ ಬರುವ ಮುನ್ನವೇ ತುಟಿ ನಾಲಿಗೆಗಳನ್ನು ಸಡಿಲವಾಗಿ ಸಜ್ಜುಗೊಳಿಸುವುದು. ಇಂದಿಗೂ ಜಗತ್ತಿನ ಚಿಕಿತ್ಸಾ ಕೊಠಡಿಗಳಲ್ಲಿ ಈ ಕ್ರಮ ಬಳಕೆಯಲ್ಲಿದೆ.

ಬೇಕೆಂದೇ ಉಗ್ಗುವುದು ಎಂಬುದನ್ನು ಓದುಗರು ಗಮನಿಸಬೇಕು. ನಿರರ್ಗಳವಾಗಿ ಮಾತನಾಡುವವರಿಗೆ ಇಂತಹ ಉಪಾಯ ಸುಲಭವಾಗಿ ಹೊಳೆಯುತ್ತಿತ್ತೇ ಎಂಬುದು ನನ್ನ ಸಂದೇಹ. ಹೊರಗಿನಿಂದ ನೋಡುವವರಿಗೆ ಕಾಣುವ ತೊಂದರೆ ಉಗ್ಗು. ಒಳಗಿರುವವನಿಗೆ ತೊಂದರೆ ಉಗ್ಗದಿರಲು ಮಾಡುವ ಹರಸಾಹಸ. ಕ್ಯಾಲಿಫೋರ್ನಿಯದ ಮನೋವಿಜ್ಞಾನಿ ಜೋಸೆಫ್ ಶೀಹನ್, ಅವರೂ ಉಗ್ಗುತ್ತಿದ್ದವರು, ಇದನ್ನು ನೀರ್ಗಲ್ಲಿಗೆ ಹೋಲಿಸಿದರು: ಮೇಲೆ ಕಾಣುವುದು ತುಣುಕು, ನೀರಿನೊಳಗೆ ಮುಳುಗಿರುವುದು ಭಯ, ನಾಚಿಕೆ, ಅಪರಾಧಪ್ರಜ್ಞೆ. ನನ್ನ ಮಲ್ಲೇಶ್ವರ-ಯಶವಂತಪುರ ಅದರೊಳಗಿನ ಒಂದು ಚೂರು. ನನ್ನ ಮೊದಲ ಚಿಕಿತ್ಸಕರು ತುಣುಕನ್ನು ಮಾತ್ರ ಅಳೆದಿದ್ದರು.

ಇನ್ನೊಂದು ಪರಂಪರೆ ಹುಟ್ಟಿದ್ದು ಪ್ರಯೋಗಾಲಯದಲ್ಲಿ. 1960ರ ದಶಕದಲ್ಲಿ ಇಸ್ರೇಲ್ ಗೋಲ್ಡಾಯಮಂಡ್ ಎಂಬ ವರ್ತನಾ ವಿಜ್ಞಾನಿ, ಮಾತನಾಡುವವನ ಧ್ವನಿಯನ್ನೇ ಒಂದಿಷ್ಟು ತಡವಾಗಿ ಅವನ ಕಿವಿಗೆ ಮರಳಿಸುವ ಉಪಕರಣ ಬಳಸುತ್ತಿದ್ದಾಗ, ಉಗ್ಗುವವರು ಸ್ವರ ಎಳೆದು ಉಗ್ಗಿಲ್ಲದೆ ಮಾತನಾಡತೊಡಗುವುದನ್ನು ಕಂಡರು. ಎಳೆದು ಮಾತನಾಡಿಸುವ ಚಿಕಿತ್ಸೆ ಅಲ್ಲಿಂದ ಬೆಳೆಯಿತು. ಇಲ್ಲಿ ಲೆಕ್ಕ ಸ್ಪಷ್ಟ: ನೂರು ಉಚ್ಚಾರಾಂಶಗಳಿಗೆ ಎಷ್ಟು ಉಗ್ಗು, ಚಿಕಿತ್ಸೆಯ ಬಳಿಕ ಎಷ್ಟು. ನಮ್ಮ ದೇಶದಲ್ಲಿಯೂ ಈ ವಿಧಾನ ಬಹುಕಾಲದಿಂದ ಪ್ರಚಲಿತ. ಈ ಎರಡು ಪರಂಪರೆಗಳ ನಡುವೆ ದಶಕಗಳ ಕಾಲ ವಾಗ್ವಾದ ನಡೆಯಿತು. ವಾಗ್ವಾದದಲ್ಲಿ ಒಂದು ಪಕ್ಷಕ್ಕೆ ಮಾತು ಸ್ವಲ್ಪ ನಿಧಾನ ಎಂಬುದನ್ನು ಬಿಟ್ಟರೆ, ಸಮಬಲದ ಹೋರಾಟ. ಈಗ ಬಹುಪಾಲು ಚಿಕಿತ್ಸಕರು ಎರಡನ್ನೂ ಬೆರೆಸುತ್ತಾರೆ.

ಹಾಗಾದರೆ ಉಗ್ಗುವವರೆಲ್ಲ ಒಪ್ಪಿಕೊಳ್ಳುವಿಕೆಯ ಕಡೆ, ನಿರರ್ಗಳರೆಲ್ಲ ಎಣಿಕೆಯ ಕಡೆ ಎಂದು ಗೆರೆ ಎಳೆದುಬಿಡೋಣವೇ? ಜಾನ್ಸನ್ ಅವರ ಕಥೆ ಅಷ್ಟಕ್ಕೆ ಬಿಡುವುದಿಲ್ಲ.

ಎಡಗೈ ಬಳಸುವ ಅಭ್ಯಾಸದಿಂದ ಜಾನ್ಸನ್ ಅವರ ಉಗ್ಗು ಹೋಗಲಿಲ್ಲ. ಅವರು ಬೇರೆ ದಿಕ್ಕಿನಲ್ಲಿ ಯೋಚಿಸಿದರು. ಎಲ್ಲ ಮಕ್ಕಳೂ ಮಾತು ಕಲಿಯುವಾಗ ತಡವರಿಸುತ್ತವೆ. ಗಾಬರಿಗೊಂಡ ತಂದೆತಾಯಿ ಅದಕ್ಕೆ ಉಗ್ಗು ಎಂದು ಹೆಸರಿಡುತ್ತಾರೆ. ಆ ಹೆಸರೇ ಮಗುವನ್ನು ಉಗ್ಗುವಂತೆ ಮಾಡುತ್ತದೆ ಎಂಬ ಸಿದ್ಧಾಂತಕ್ಕೆ ಬಂದರು. ಉಗ್ಗು ಹುಟ್ಟುವುದು ಮಗುವಿನ ಬಾಯಿಯಲ್ಲಲ್ಲ, ಹೆತ್ತವರ ಕಿವಿಯಲ್ಲಿ ಎಂಬುದು ಅದರ ಸಾರ. 1939ರಲ್ಲಿ ಅವರ ಮಾರ್ಗದರ್ಶನದಲ್ಲಿ ಮೇರಿ ಟ್ಯೂಡರ್ ಎಂಬ ವಿದ್ಯಾರ್ಥಿನಿ ಡ್ಯಾವೆನ್‌ಪೋರ್ಟ್‌ನ ಅನಾಥಾಲಯವೊಂದರಲ್ಲಿ 22 ಮಕ್ಕಳ ಮೇಲೆ ಪ್ರಯೋಗ ನಡೆಸಿದರು. ಸರಿಯಾಗಿ ಮಾತನಾಡುತ್ತಿದ್ದ ಆರು ಮಕ್ಕಳಿಗೆ, ನೀವು ಉಗ್ಗುತ್ತಿದ್ದೀರಿ, ಸರಿಯಾಗಿ ಮಾತನಾಡಲಾಗದಿದ್ದರೆ ಬಾಯಿಯೇ ತೆರೆಯಬೇಡಿ ಎಂಬರ್ಥದಲ್ಲಿ ತಿಂಗಳುಗಟ್ಟಲೆ ಹೇಳಲಾಯಿತು. ಮಕ್ಕಳು ಮುದುಡಿಕೊಂಡರು, ಮಾತು ಕಡಿಮೆ ಮಾಡಿದರು. ಆದರೆ ಅವರಲ್ಲಿ ನಿಜವಾದ ಉಗ್ಗು ಹುಟ್ಟಿತೆಂಬುದಕ್ಕೆ ಆ ಪ್ರಬಂಧದ ಅಂಕಿಅಂಶಗಳಲ್ಲಿ ಆಧಾರವಿಲ್ಲವೆಂದು ಮುಂದೆ ಮರುಪರಿಶೀಲನೆ ನಡೆಸಿದವರು ತೋರಿಸಿದರು. ಜಾನ್ಸನ್ ಈ ಪ್ರಯೋಗವನ್ನು ಪ್ರಕಟಿಸಲಿಲ್ಲ. 1965ರಲ್ಲಿ ಅವರು ತೀರಿಕೊಂಡರು. 2001ರಲ್ಲಿ ಪತ್ರಿಕೆಯೊಂದು ಇದನ್ನು ಬಯಲಿಗೆಳೆದಾಗ ವಿಶ್ವವಿದ್ಯಾಲಯ ಕ್ಷಮೆ ಕೇಳಿತು. 2007ರಲ್ಲಿ ಐಯೋವಾ ರಾಜ್ಯ 9.25 ಲಕ್ಷ ಡಾಲರ್ ಪರಿಹಾರಕ್ಕೆ ಒಪ್ಪಿತು.

ಈ ಪ್ರಸಂಗದಲ್ಲಿ ನನ್ನನ್ನು ಕಾಡುವುದು ಕ್ರೌರ್ಯ ಮಾತ್ರವಲ್ಲ. ಜಾನ್ಸನ್ ದುಷ್ಟರಾಗಿರಲಿಲ್ಲ, ಉಗ್ಗುವ ಮಕ್ಕಳ ಬಗ್ಗೆ ಅವರಿಗಿದ್ದ ಕಳಕಳಿ ಪ್ರಾಮಾಣಿಕ. ಆದರೆ ಉಗ್ಗು ಎಂಬ ಹೆಸರು ತಮ್ಮನ್ನು ಹೇಗೆ ಗಾಯಗೊಳಿಸಿತೋ ಅದನ್ನೇ ಅವರು ಎಲ್ಲರ ಉಗ್ಗಿನ ಮೂಲವೆಂದು ನಂಬಿದರು ಎಂದು ನನಗೆ ತೋರುತ್ತದೆ. ತನ್ನ ಗಾಯವನ್ನೇ ಶಾಸ್ತ್ರವಾಗಿಸಿಕೊಳ್ಳುವ ಅಪಾಯ ಉಗ್ಗುವ ಚಿಕಿತ್ಸಕನಿಗೆ ಸದಾ ಇದೆ. ಆ ಸಿದ್ಧಾಂತದ ಫಲವಾಗಿ ಎರಡು ತಲೆಮಾರುಗಳ ತಾಯಂದಿರು ತಮ್ಮ ಮಾತೇ ಮಗುವನ್ನು ಕೆಡಿಸಿತೆಂದು ಕೊರಗಿದರು. ಮಗುವಿನೆದುರು ಉಗ್ಗಿನ ಸುದ್ದಿ ಎತ್ತಕೂಡದು ಎಂಬುದು ವೈದ್ಯರ ಬುದ್ಧಿವಾದವಾಯಿತು. ನಮ್ಮಲ್ಲಿ ಇಂದಿಗೂ ‘ಸುಮ್ಮನಿರಿ, ತಾನೇ ಹೋಗುತ್ತೆ’ ಎನ್ನುವವರಿದ್ದಾರೆ. ಸಿಡ್ನಿಯಲ್ಲಿ ಮಾರ್ಕ್ ಆನ್ಸ್ಲೊ ಮತ್ತು ಸಂಗಡಿಗರು ರೂಪಿಸಿದ ಲಿಡ್‌ಕಂಬ್ ಕಾರ್ಯಕ್ರಮ ಇದಕ್ಕೆ ನೇರ ವಿರುದ್ಧ. ಅಲ್ಲಿ ತಂದೆತಾಯಿಯೇ ಪುಟ್ಟ ಮಗುವಿನ ಸಲೀಸು ಮಾತನ್ನು ಹೊಗಳುತ್ತಾರೆ, ಆಗೊಮ್ಮೆ ಈಗೊಮ್ಮೆ ಹಗುರವಾಗಿ ‘ಅದು ಸ್ವಲ್ಪ ತಡೆಯಿತಲ್ಲ’ ಎಂದೂ ಹೇಳುತ್ತಾರೆ. ನ್ಯೂಜಿಲೆಂಡ್‌ನಲ್ಲಿ 54 ಮಕ್ಕಳ ಮೇಲೆ ನಡೆದು 2005ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಚಿಕಿತ್ಸೆ ಪಡೆದ ಮಕ್ಕಳ ಉಗ್ಗು ಪಡೆಯದ ಮಕ್ಕಳಿಗಿಂತ ಹೆಚ್ಚು ತಗ್ಗಿತ್ತು. ಹೆಸರಿಟ್ಟರೆ ಆಕಾಶ ಕಳಚಿ ಬೀಳಲಿಲ್ಲ. ಈ ವಿಧಾನವನ್ನು ಮೊದಲು ಓದಿದಾಗ ನನಗೆ ಸಿಟ್ಟು ಬಂದಿತ್ತು ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಆ ಸಿಟ್ಟಿಗೆ ಶಾಸ್ತ್ರೀಯ ಕಾರಣವಿರಲಿಲ್ಲ. ನನ್ನ ಸೋದರಮಾವನ ಮುಖ ಕಣ್ಣೆದುರು ಬಂದಿತ್ತು, ಅಷ್ಟೆ.

ನನ್ನ ಕೈಯಿಂದಲೂ ಒಂದು ಪ್ರಮಾದವಾಗಿದೆ. ಹದಿನೈದು ವರ್ಷಗಳ ಹಿಂದೆ ಔಷಧ ಕಂಪನಿಯೊಂದರ ಮಾರಾಟ ಪ್ರತಿನಿಧಿಯಾಗಿದ್ದ ಯುವಕ ನನ್ನ ಬಳಿ ಬಂದ. ಹಾಸನ ಜಿಲ್ಲೆಯ ಹಳ್ಳಿಯವನು, ತಂಗಿಯ ಮದುವೆಯ ಸಾಲ ಹೊತ್ತವನು. ವೈದ್ಯರ ಎದುರು ಔಷಧದ ಹೆಸರು ಹೇಳಲಾಗದೆ ಒದ್ದಾಡುತ್ತಿದ್ದ. ನಾನು ಅವನಿಗೆ ನನಗೆ ಬಿಡುಗಡೆ ಕೊಟ್ಟ ದಾರಿಯನ್ನೇ ತೋರಿದೆ: ಮುಚ್ಚಿಡಬೇಡ, ಎಲ್ಲರಿಗೂ ನಾನು ಉಗ್ಗುತ್ತೇನೆ ಎಂದು ಮೊದಲೇ ಹೇಳು, ಬೇಕೆಂದೇ ಉಗ್ಗು. ಅವನು ಹಿಂದೇಟು ಹಾಕಿದ. ‘ನಿಮಗೆ ಡಿಗ್ರಿ ಇದೆ ಸಾರ್, ಕುರ್ಚಿ ಇದೆ. ನನಗೆ ಟಾರ್ಗೆಟ್ ಇದೆ’ ಎಂದ. ಆ ಮಾತನ್ನು ನಾನು ನಿರಾಕರಣೆಯ ಲಕ್ಷಣವೆಂದು ಟಿಪ್ಪಣಿ ಮಾಡಿಕೊಂಡೆ. ಆರನೆಯ ಭೇಟಿಯ ಬಳಿಕ ಅವನು ಬರಲಿಲ್ಲ. ನಾನು ಹೇಳಿದ್ದನ್ನು ತನ್ನ ಮೇಲಧಿಕಾರಿಯೆದುರು ಮಾಡಿ ನೋಡಿದ್ದನೆಂದೂ ಮರುತಿಂಗಳೇ ಅವನನ್ನು ಗೋದಾಮಿನ ಕೆಲಸಕ್ಕೆ ಹಾಕಿದರೆಂದೂ ಅವನ ಸ್ನೇಹಿತನಿಂದ ತಿಳಿಯಿತು. ಕಂಪನಿಯ ತಪ್ಪು ಕಂಪನಿಯದು. ಆದರೆ ಅವನಿಗೆ ಏನು ಬೇಕೆಂದು ನಾನು ಒಮ್ಮೆಯಾದರೂ ಕೇಳಿದ್ದೆನೇ? ಅವನಿಗೆ ಬೇಕಾಗಿದ್ದದ್ದು ಹದಿನಾಲ್ಕು ಔಷಧಗಳ ಹೆಸರನ್ನು ತಡೆಯಿಲ್ಲದೆ ಹೇಳುವ ಒಂದು ಉಪಾಯ. ನನ್ನ ಮೊದಲ ಚಿಕಿತ್ಸಕರ ಎಳೆದು ಮಾತನಾಡುವ ವಿದ್ಯೆ ಅವನಿಗೆ ಆರು ತಿಂಗಳಾದರೂ ಊಟ ಹಾಕುತ್ತಿತ್ತು.

ಅವನ ವಿಷಯವನ್ನು ನಾನು ಬಹುದಿನಗಳ ಬಳಿಕ ಹೇಳಿಕೊಂಡದ್ದು ಪಕ್ಕದ ಕೊಠಡಿಯಲ್ಲಿ ಕೆಲಸ ಮಾಡುವ ಸಹೋದ್ಯೋಗಿಯ ಬಳಿ. ಆಕೆ ಬಾಳಿನಲ್ಲಿ ಒಮ್ಮೆಯೂ ಉಗ್ಗಿದವರಲ್ಲ. ಬೇಂದ್ರೆಯವರ ಊರಿನವರು, ಮಾತಿನ ಓಘ ಕೇಳಬೇಕು. ‘ನನಗ ಗೊತ್ತಿಲ್ಲಂತ ನಾ ಕೇಳ್ತೀನ್ರೀ. ನಿಮಗ ಗೊತ್ತೈತಂತ ನೀವು ಕೇಳೂದಿಲ್ಲ’ ಎಂದರು. ಇದಕ್ಕಿಂತ ಚೊಕ್ಕವಾಗಿ ಈ ವ್ಯತ್ಯಾಸವನ್ನು ನಾನು ಯಾವ ಪಠ್ಯಪುಸ್ತಕದಲ್ಲಿಯೂ ಓದಿಲ್ಲ. ಆಕೆ ಹೊಸಬರೊಡನೆ ಮೊದಲ ಒಂದು ಗಂಟೆ ಬರೀ ಪ್ರಶ್ನೆ ಕೇಳುತ್ತಾರೆ: ಮಾತು ತಡೆದಾಗ ಎಲ್ಲಿ ಬಿಗಿಯುತ್ತದೆ, ಗಂಟಲಲ್ಲೋ ತುಟಿಯಲ್ಲೋ? ಆ ಕ್ಷಣ ಎದುರಿನವರ ಮುಖ ಕಾಣುತ್ತದೆಯೇ? ನಾನು ಇವನ್ನು ಕೇಳದೆ ಊಹಿಸಿಬಿಡುತ್ತಿದ್ದೆ, ಅರ್ಧ ಪಾಲು ತಪ್ಪಾಗಿ.

ಆಕೆಯೂ ಬಹಳ ದುಡಿದಿದ್ದಾರೆ. ವಾಕ್ ಚಿಕಿತ್ಸೆ ಕಲಿಯುವ ವಿದ್ಯಾರ್ಥಿಗಳಿಗೆ ಹಲವು ಕಡೆ ಒಂದು ಅಭ್ಯಾಸ ಕೊಡುತ್ತಾರೆ: ಅಂಗಡಿಗೋ ಹೋಟೆಲಿಗೋ ಹೋಗಿ ಉಗ್ಗುವವರಂತೆ ಮಾತನಾಡಿ ಬರಬೇಕು. ಆಕೆ ದರ್ಶಿನಿಯೊಂದರ ಕ್ಯಾಷ್ ಕೌಂಟರ್ ಎದುರು ‘ಮಸಾಲೆ ದೋಸೆ’ ಎನ್ನಲು ಐದು ಸೆಕೆಂಡು ತೆಗೆದುಕೊಂಡರಂತೆ. ಹಿಂದೆ ನಿಂತವರು ಲೊಚಗುಟ್ಟಿದರು. ಕೌಂಟರಿನವನು ಮಾತು ಮುಗಿಯುವ ಮೊದಲೇ ಇಡ್ಲಿಗೆ ಚೀಟಿ ಹರಿದ. ಆಕೆ ಇಡ್ಲಿ ತಿಂದು ಬಂದು ಅತ್ತರು. ‘ನಾ ಹೊರಗ ಬಂದ ಕೂಡ್ಲೆ ಸರಿಯಾಗಿ ಮಾತಾಡಬಹುದಿತ್ತು, ಅದಕ್ಕ ಅತ್ತೆ’ ಎಂದು ವಿವರಿಸಿದರು. ಒಂದು ದೋಸೆಯ ಮಟ್ಟಿಗೆ ಸಿಕ್ಕಿದ ಅರಿವು ನನ್ನ ನಲವತ್ತು ವರ್ಷಕ್ಕೆ ಸಮವಲ್ಲ. ಆದರೆ ತಾನು ಹೊರಗಿನವಳು ಎಂಬುದನ್ನು ಆಕೆ ಮರೆತಿಲ್ಲ, ಅದು ದೊಡ್ಡದು.

ಬ್ರಿಟನ್ನಿನ ದೊರೆ ಆರನೆಯ ಜಾರ್ಜ್‌ಗೆ ನೆರವಾದ ಲಯೋನೆಲ್ ಲೋಗ್ ಕೂಡ ಹೊರಗಿನವರೇ. ಉಗ್ಗಿರದ, ವೈದ್ಯಪದವಿಯೂ ಇರದ, ಆಸ್ಟ್ರೇಲಿಯದ ಭಾಷಣಕಲೆಯ ಮೇಷ್ಟ್ರು. 1926ರಲ್ಲಿ ಶುರುವಾದ ಆ ಸಂಬಂಧ ದೊರೆ ಬದುಕಿದ್ದಷ್ಟು ಕಾಲ ಉಳಿಯಿತು. 2010ರ ‘ದಿ ಕಿಂಗ್ಸ್ ಸ್ಪೀಚ್’ ಚಲನಚಿತ್ರ ನೋಡಿದವರಿಗೆ ಈ ಕಥೆ ತಿಳಿದಿದೆ. ಅದನ್ನು ಬರೆದ ಡೇವಿಡ್ ಸೈಡ್ಲರ್ ಬಾಲ್ಯದಲ್ಲಿ ಉಗ್ಗುತ್ತಿದ್ದವರು ಎಂಬುದು ಅಷ್ಟಾಗಿ ತಿಳಿಯದು. ಶೀಹನ್ ಅವರ ಪತ್ನಿ ವಿವಿಯನ್ ಉಗ್ಗುತ್ತಿರಲಿಲ್ಲ. ಗಂಡನ ಜೊತೆ ದಶಕಗಳ ಕಾಲ ಅದೇ ಮಾರ್ಗದಲ್ಲಿ ಚಿಕಿತ್ಸೆ ನೀಡಿದರು.

ಚಿಕಿತ್ಸೆ ಪಡೆದವರೇ ಏನೆನ್ನುತ್ತಾರೆ? 2010ರಲ್ಲಿ ಪ್ಲೆಕ್ಸಿಕೊ, ಮ್ಯಾನಿಂಗ್ ಮತ್ತು ಡಿಲೊಲೊ ಎಂಬ ಸಂಶೋಧಕರು ಉಗ್ಗುವ ವಯಸ್ಕರಿಂದ ತಮಗೆ ನೆರವಾದ ಮತ್ತು ಆಗದ ಚಿಕಿತ್ಸಕರ ವಿವರಣೆಗಳನ್ನು ಸಂಗ್ರಹಿಸಿದರು. ಇವರಲ್ಲಿ ವಾಲ್ಟರ್ ಮ್ಯಾನಿಂಗ್ ಸ್ವತಃ ಉಗ್ಗುವವರು. ನೆರವಾದವರ ಲಕ್ಷಣಗಳಾಗಿ ಕಾಣಿಸಿಕೊಂಡದ್ದು ಉಗ್ಗಿನ ಅರಿವು, ವೃತ್ತಿಯ ಬಗೆಗಿನ ಒಲವು, ತನ್ನೆದುರು ಕುಳಿತವರಲ್ಲಿ ನಂಬಿಕೆ. ನೆರವಾಗದವರು ತಾಳ್ಮೆಗೆಟ್ಟವರು, ಎದುರಿನ ಮನುಷ್ಯನನ್ನು ಬಿಟ್ಟು ತಮ್ಮ ತಂತ್ರಕ್ಕೆ ಜೋತುಬಿದ್ದವರು. ಇದನ್ನು ಓದುವಾಗ ಆ ಹಾಸನದ ಹುಡುಗ ನೆನಪಾದ. ತಂತ್ರಕ್ಕೆ ಜೋತುಬೀಳುವ ದೋಷ ನಿರರ್ಗಳರದು ಮಾತ್ರ ಎಂದುಕೊಂಡಿದ್ದೆ.

ಇಷ್ಟೆಲ್ಲ ಹೇಳಿದ ಮೇಲೂ, ಉಗ್ಗುವವರನ್ನು ಈ ವೃತ್ತಿಯಿಂದ ದೂರವಿಡುವುದಕ್ಕೆ ಇದು ಸಮರ್ಥನೆಯಾಗಬಾರದು. ನನ್ನ ಮೊದಲ ಕೆಲಸದ ಸಂದರ್ಶನದಲ್ಲಿ, ಆಸ್ಪತ್ರೆಯೊಂದರ ಅಧಿಕಾರಿ ನನ್ನ ಅಂಕಪಟ್ಟಿ ಮಡಿಸಿ ಹಿಂದಿರುಗಿಸುತ್ತಾ, ಬೋಳುತಲೆಯವನು ಕೂದಲಿನ ಎಣ್ಣೆ ಮಾರಿದಂತಾಗುತ್ತದೆ ಎಂದು ನಕ್ಕರು. ಅಂದು ಉತ್ತರ ಹೊಳೆಯಲಿಲ್ಲ. ಹೊಳೆದಿದ್ದರೂ ಸಮಯಕ್ಕೆ ಬಾಯಿಂದ ಹೊರಬರುತ್ತಿರಲಿಲ್ಲ. ನನ್ನ ರಾಜ್ಯದಲ್ಲಿಯೇ, ಮೈಸೂರಿನ ಮಾನಸಗಂಗೋತ್ರಿಯಲ್ಲಿ, 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಅಲ್ಲಿಯೂ ದೇಶದ ಇತರ ಕಾಲೇಜುಗಳಲ್ಲಿಯೂ ಓದಿದವರು ಇಂದು ಸಣ್ಣ ಪಟ್ಟಣಗಳಲ್ಲಿಯೂ ಸಿಗುತ್ತಾರೆ. ಪ್ರತಿವರ್ಷ ದ್ವಿತೀಯ ಪಿಯುಸಿ ಫಲಿತಾಂಶದ ಬಳಿಕ ಉಗ್ಗುವ ಒಬ್ಬರೋ ಇಬ್ಬರೋ ನನ್ನನ್ನು ಹುಡುಕಿಕೊಂಡು ಬಂದು, ನಾನು ಈ ಕೋರ್ಸ್ ಸೇರಬಹುದೇ ಎಂದು ಕೇಳುತ್ತಾರೆ. ಸೇರಿ ಎನ್ನುತ್ತೇನೆ. ಮಾತು ತಡೆಯುವ ಮಗುವಿಗೆ ಅದೇ ರೀತಿ ಮಾತು ತಡೆಯುವ, ಆದರೂ ಸಂಬಳ ಪಡೆಯುವ, ಸಂಸಾರ ನಡೆಸುವ ದೊಡ್ಡವರೊಬ್ಬರನ್ನು ಕಾಣುವ ಅವಕಾಶ ಎಷ್ಟು ಬೆಲೆಯುಳ್ಳದ್ದು ಎಂಬುದನ್ನು ನಾನು ಬಲ್ಲೆ. ನನಗೆ ಅಂಥವರು ಸಿಕ್ಕಿದ್ದು ಇಪ್ಪತ್ತಾರನೆಯ ವಯಸ್ಸಿನಲ್ಲಿ. ಜೊತೆಗೆ ಒಂದು ಷರತ್ತು ಹಾಕುತ್ತೇನೆ: ಮೊದಲು ನಿಮ್ಮ ಉಗ್ಗಿನ ಕಥೆಯನ್ನು ಪೂರ್ತಿ ಬರೆದು ಮುಗಿಸಿ, ಬಳಿಕ ಕೊಠಡಿಗೆ ಬರುವವರ ಕಥೆ ಕೇಳುವಾಗ ಅದನ್ನು ಮೇಜಿನ ಖಾನೆಯಲ್ಲಿಡಿ. ನಾನು ಕೂಡ ಇಡುತ್ತಿದ್ದೇನೆ. ಖಾನೆ ಆಗಾಗ ತಾನೇ ತೆರೆದುಕೊಳ್ಳುತ್ತದೆ.

ಜೂನ್‌ನಲ್ಲಿ ಬಂದ ಆ ತಂದೆಗೆ ನಾನು ಏನು ಉತ್ತರ ಕೊಟ್ಟೆ? ವಾಸಿ ಮಾಡುತ್ತೇನೆಂದು ನಾನು ಹೇಳಲಾರೆ, ಈ ವಯಸ್ಸಿನ ಮಗುವಿಗೆ ಹಾಗೆಂದು ಮಾತು ಕೊಡುವವರ ಬಳಿ ಹೋಗಬೇಡಿ ಎಂದೆ. ಉಗ್ಗು ಕಡಿಮೆಯಾಗುವ ಸಾಧ್ಯತೆ ಇದೆ. ಉಗ್ಗಿದರೂ ತರಗತಿಯಲ್ಲಿ ಕೈಯೆತ್ತುವ ಹುಡುಗನಾಗುವ ಸಾಧ್ಯತೆ ಇನ್ನೂ ಹೆಚ್ಚಿದೆ ಎಂದೆ. ಇಷ್ಟನ್ನು ಹೇಳುವಷ್ಟರಲ್ಲಿ ಐದಾರು ಕಡೆ ಸಿಕ್ಕಿಬಿದ್ದೆ. ಅವರಿಗೆ ಒಪ್ಪಿಗೆಯಾಗಲಿಲ್ಲವೆಂಬುದು ಮುಖದಲ್ಲಿಯೇ ಇತ್ತು. ಪಕ್ಕದ ಕೊಠಡಿಯ ಸಹೋದ್ಯೋಗಿಯನ್ನು ನಾನೇ ಕರೆದು ಪರಿಚಯಿಸಿದೆ. ಆಕೆಯ ಎರಡು ವಾಕ್ಯ ಕೇಳುತ್ತಲೇ ತಂದೆಯ ಹುಬ್ಬು ಸಡಿಲವಾಯಿತು. ಹೊರಡುವಾಗ ಹುಡುಗ ಹಿಂದೆ ಉಳಿದು, ‘ಅಂಕಲ್, ನಿ... ನಿಮಗೂ ‘ಮ’ ಕಷ್ಟಾನಾ?’ ಎಂದ. ಅವನ ಹೆಸರೂ ‘ಮ’ಕಾರದ್ದೇ.

ಈಗ ಅವನು ಪ್ರತಿ ಶನಿವಾರ ಆಕೆಯ ಬಳಿ ಬರುತ್ತಾನೆ. ಪಾಠ ಮುಗಿದ ಮೇಲೆ ನನ್ನ ಬಾಗಿಲು ತಳ್ಳಿ ಇಣುಕಿ, ಈ ವಾರ ನಿಮಗೆ ಎಷ್ಟು ಸಲ ತಡೆಯಿತು ಎಂದು ಲೆಕ್ಕ ಕೇಳುತ್ತಾನೆ. ನಾನು ಹೇಳುತ್ತೇನೆ, ಅವನು ತನ್ನದನ್ನು ಹೇಳುತ್ತಾನೆ. ಹೆಚ್ಚು ಯಾರದೋ ಅವರು ಗೆದ್ದಂತೆ ಎಂಬುದು ಅವನೇ ಮಾಡಿಕೊಂಡ ನಿಯಮ. ಹೋದ ವಾರ ಅವನು ಸೋತ. ಅವನ ತಂದೆ ಹೊರಗೆ ಪಡಸಾಲೆಯಲ್ಲಿ ಬೈಕಿನ ಕೀಲಿ ಹಿಡಿದು ನಿಂತಿರುತ್ತಾರೆ, ಇನ್ನೂ ಒಳಗೆ ಬಂದಿಲ್ಲ.